ವ್ಯಾಜ್ಯವೂ ಮಧ್ಯಸ್ಥಿಕೆಯೂ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಭಾಗದ ಜಗಳವೆಂದರೆ ಮನೆ, ಮಗ್ಗ, ಬಾವಿ ಇವುಗಳ ಜಗಳವೇ. ಅಣ್ಣತಮ್ಮಂದಿರಲ್ಲಿ ಒಬ್ಬನು ವಕೀಲರಿಂದ ನೋಟೀಸು ಕಳುಹಿಸಿದನೆಂದರೆ, ಮರುದಿನದಿಂದ ಎರಡು ಮನೆಗಳ ಮಕ್ಕಳೂ ಶಾಲೆಗೆ ಬೇರೆ ಬೇರೆ ಬೀದಿಯಲ್ಲಿ ಬರತೊಡಗುತ್ತಾರೆ. ಆದುದರಿಂದ ಈ ವಿಷಯವನ್ನು ಶಾಲೆಯ ಸಂಚಿಕೆಯಲ್ಲಿ ಪ್ರಸ್ತಾಪಿಸುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ಮಧ್ಯಸ್ಥಿಕೆ ಎಂದರೇನು? ತರಬೇತಿ ಪಡೆದ, ಪಕ್ಷಪಾತವಿಲ್ಲದ ಮೂರನೆಯವರೊಬ್ಬರು ಉಭಯ ಪಕ್ಷದವರನ್ನೂ ಕೂಡಿಸಿ, ಬೇಕಾದರೆ ಒಬ್ಬೊಬ್ಬರನ್ನೇ ಕರೆದು ಮಾತನಾಡಿಸಿ, ಅವರೇ ಒಂದು ಒಪ್ಪಂದಕ್ಕೆ ಬರುವಂತೆ ನೆರವಾಗುವುದು. ಇವರು ತೀರ್ಪು ಹೇಳುವವರಲ್ಲ. ಅಲ್ಲಿ ಆಡಿದ ಮಾತು ಗೋಪ್ಯವಾದುದು. ಸಂಧಾನವು ಮುರಿದುಬಿದ್ದರೂ ಅದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ.

ಇಬ್ಬರಿಗೆ ಪಾಲಿರುವ ಬಾವಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ದಾವೆ ಹೂಡಿದರೆ ಯಾರ ಪಾಲು ಎಷ್ಟೆಂದು ನ್ಯಾಯಾಲಯವು ನಿರ್ಣಯಿಸೀತು. ಆದರೆ ಪಂಪು ಯಾವ ದಿನ ಯಾರದು, ಮೋಟಾರು ಕೆಟ್ಟರೆ ರಿಪೇರಿಯ ಖರ್ಚು ಯಾರದು, ಹೂಳೆತ್ತಿಸುವವರು ಯಾರು, ಬೇಸಗೆಯಲ್ಲಿ ನೀರು ತಳ ಕಂಡಾಗ ಮೊದಲು ಯಾರ ತೆಂಗಿಗೆ ಹಾಯಿಸಬೇಕು, ಇವನ್ನೆಲ್ಲ ಆ ಬಾವಿಯ ನೀರಿನಿಂದ ಬಾಳುವವರೇ ಬಲ್ಲರು. ಮಧ್ಯಸ್ಥಿಕೆಯ ಒಪ್ಪಂದದಲ್ಲಿ ಇವೆಲ್ಲವನ್ನೂ ಬರೆದುಕೊಳ್ಳಬಹುದು. ಡಿಕ್ರಿ ಪಡೆದು ಗೆದ್ದವನೂ ಮರುದಿನ ಅದೇ ಬಾವಿಗೆ ಬರಬೇಕಲ್ಲವೇ?

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರ ಜುಲೈ 1ರಿಂದ ಇದಕ್ಕೆ ಅವಕಾಶ ಕಲ್ಪಿಸಿದೆ. ಆ ತಿದ್ದುಪಡಿಯನ್ನು ಪ್ರಶ್ನಿಸಿದವರು ನಮ್ಮ ನೆರೆಯ ಸೇಲಂ ನಗರದ ವಕೀಲರ ಸಂಘದವರೇ ಎಂಬುದು ಸ್ವಾರಸ್ಯದ ಸಂಗತಿ. ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2005ರಲ್ಲಿ ಮದರಾಸು ಉಚ್ಚ ನ್ಯಾಯಾಲಯದಲ್ಲಿ ಮಧ್ಯಸ್ಥಿಕೆ ಕೇಂದ್ರವು ಆರಂಭವಾಯಿತು. ಕೋರ್ಟಿನಲ್ಲಿರುವ ದಾವೆ ಹೀಗೆ ರಾಜಿಯಾದರೆ ಒಪ್ಪಂದವನ್ನು ನ್ಯಾಯಾಧೀಶರ ಮುಂದಿಟ್ಟು ಡಿಕ್ರಿ ಪಡೆಯಬಹುದು. ಕಟ್ಟಿದ ಕೋರ್ಟು ಶುಲ್ಕವೂ ಹಿಂದಕ್ಕೆ ಬರುತ್ತದೆ. ಕೋರ್ಟು ಕಳುಹಿಸದೆ ತಾವಾಗಿಯೇ ರಾಜಿಯಾದವರಿಗೂ ಶುಲ್ಕ ಸಲ್ಲತಕ್ಕದ್ದೆಂದು ತಮಿಳುನಾಡಿನ ಪ್ರಕರಣವೊಂದರಲ್ಲಿಯೇ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಇದನ್ನು ಕಟ್ಟಪಂಚಾಯತ್ತಿನೊಡನೆ ಸರ್ವಥಾ ಬೆರೆಸಬಾರದು. ಅಲ್ಲಿ ಬಲವುಳ್ಳವರು ಆಜ್ಞೆ ಮಾಡುತ್ತಾರೆ, ದಂಡ ಹಾಕುತ್ತಾರೆ, ಬಹಿಷ್ಕಾರದ ಭಯ ತೋರಿಸುತ್ತಾರೆ. ಅಂತಹುದು ಕಾನೂನಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟವಾಗಿ ಸಾರಿದೆ. ಮಧ್ಯಸ್ಥಿಕೆಯಲ್ಲಿ ಬಡ ವಿಧವೆಯೊಬ್ಬಳು ಕೂಡ ‘ಒಪ್ಪುವುದಿಲ್ಲ’ ಎಂದು ಎದ್ದು ಹೋಗಬಹುದು; ಆಕೆಯ ದಾವೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಎಲ್ಲ ವ್ಯಾಜ್ಯಗಳಿಗೂ ಈ ಮಾರ್ಗವು ಹೊಂದದು. ಘೋರ ಅಪರಾಧಗಳಿಗೂ, ಕಳ್ಳದಸ್ತಾವೇಜಿನಂತಹ ಮೋಸದ ಆಪಾದನೆಗಳಿಗೂ ನ್ಯಾಯಾಲಯವೇ ಗತಿ. ಮನಸ್ಸಿಲ್ಲದವರ ಮುಂದಂತೂ ಯಾವ ಸಂಧಾನವೂ ನಡೆಯದು; ಕೌರವನ ಸಭೆಗೆ ಹೋದವನು ಸಾಕ್ಷಾತ್ ಶ್ರೀಕೃಷ್ಣನಾಗಿದ್ದರೂ ಐದು ಊರುಗಳು ದೊರೆಯಲಿಲ್ಲ.

ದಾವೆ ಹೂಡಿದವರು ತಮ್ಮ ವಕೀಲರ ಮೂಲಕ ನ್ಯಾಯಾಧೀಶರಲ್ಲಿ ಮಧ್ಯಸ್ಥಿಕೆಯನ್ನು ಕೋರಬಹುದು. ಹೂಡದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಇಲ್ಲಿ ಕಾಗದಪತ್ರಗಳು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುದರಿಂದ, ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ರುಜು ಹಾಕುವ ಮುನ್ನ ಪ್ರತಿಯೊಂದು ಸಾಲಿನ ಅರ್ಥವನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳತಕ್ಕದ್ದು.