ತಣ್ಣನೆಯ ಅನ್ನ, ಬಿಸಿ ಬಾಣಲೆ

ಅನ್ನವೇ ಮುಖ್ಯ ಆಹಾರವಾಗಿರುವ ನಾಡುಗಳಲ್ಲೆಲ್ಲ ಮಿಕ್ಕ ಅನ್ನವನ್ನು ಏನು ಮಾಡಬೇಕೆಂಬ ಪ್ರಶ್ನೆ ಬಹು ಹಳೆಯದು. ಚೀನಾ ದೇಶದ ಮನೆಗಳಲ್ಲಿ ಅದನ್ನು ದುಂಡು ತಳದ ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ, ಮೊಟ್ಟೆ, ಈರುಳ್ಳಿಗಳೊಡನೆ ಹುರಿದು ‘ಚಾವ್ ಫಾನ್’ ಎಂದು ಬಡಿಸುತ್ತಾರೆ. ಆ ಹೆಸರಿಗೆ ಹುರಿದ ಅನ್ನವೆಂದೇ ಅರ್ಥ. ಇಂಡೊನೇಷಿಯದ ಜನ ಅದಕ್ಕೆ ಸಿಹಿಯಾದ ಸೋಯಾರಸವನ್ನು ಬೆರಸಿ ‘ನಾಸಿ ಗೊರೆಂಗ್’ ಮಾಡುತ್ತಾರೆ. ಅದರ ಅರ್ಥವೂ ಅದೇ. ಜಪಾನಿನ ‘ಚಾಹಾನ್’ ಇದೇ ವಂಶದ್ದು. ಮಿಕ್ಕ ಅನ್ನಕ್ಕೆ ಒಗ್ಗರಣೆ ಕೊಟ್ಟು ನಿಂಬೆಹುಳಿ ಹಿಂಡುವ ನಮ್ಮ ಬೆಳಗಿನ ಚಿತ್ರಾನ್ನವನ್ನು ಇವುಗಳ ದಾಯಾದಿಯೆನ್ನಬಹುದು. ದಿನವೆಲ್ಲ ದುಡಿದು ಸಂಜೆ ಮನೆಗೆ ಬಂದವರಿಗೆ ಹತ್ತೇ ನಿಮಿಷಗಳಲ್ಲಿ ಸಿದ್ಧವಾಗುವ, ಹೊಟ್ಟೆ ತುಂಬಿಸಿ ಮನಸ್ಸಿಗೂ ಹಿತವೆನಿಸುವ ಊಟವಿದು.

ಈ ತಿನಿಸಿನ ವಿಷಯದಲ್ಲಿ ನುರಿತ ಬಾಣಸಿಗರೆಲ್ಲ ಹೇಳುವ ಮಾತೊಂದುಂಟು: ಆಗತಾನೆ ಇಳಿಸಿದ ಬಿಸಿ ಅನ್ನ ಇದಕ್ಕೆ ಸಲ್ಲದು, ಆರಿದ ಅನ್ನವೇ ಬೇಕು. ಇದಕ್ಕೆ ಕಾರಣವೇನು? ಅನ್ನವನ್ನು ಆರಿಸಬೇಕಾದರೆ ಹೇಗೆ ಆರಿಸಬೇಕು? ಮೊದಲನೆಯ ಪ್ರಶ್ನೆ ರುಚಿಗೆ ಸಂಬಂಧಿಸಿದುದು. ಎರಡನೆಯದು ಆರೋಗ್ಯಕ್ಕೆ, ಕೆಲವೊಮ್ಮೆ ಪ್ರಾಣಕ್ಕೇ ಸಂಬಂಧಿಸಿದುದು. ಎರಡನ್ನೂ ಕ್ರಮವಾಗಿ ವಿಚಾರಿಸೋಣ.

ಬೇಯುವುದು ಮತ್ತು ಆರುವುದು

ಅಕ್ಕಿಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲಿಗಿಂತ ಹೆಚ್ಚಿನದು ಪಿಷ್ಟ. ಪಿಷ್ಟವೆಂದರೆ ಗ್ಲೂಕೋಸಿನ ಅಣುಗಳು ಒಂದಕ್ಕೊಂದು ಕೊಂಡಿಯಂತೆ ಸೇರಿ ಆದ ಸರಪಣಿ. ಈ ಸರಪಣಿಗಳಲ್ಲಿ ಎರಡು ಬಗೆ. ಬಹುಮಟ್ಟಿಗೆ ನೇರವಾದುದು ಅಮೈಲೋಸ್. ಮರದಂತೆ ಕೊಂಬೆಯೊಡೆದುದು ಅಮೈಲೋಪೆಕ್ಟಿನ್. ಅಕ್ಕಿಯ ಕಾಳಿನಲ್ಲಿ ಇವೆರಡೂ ಬಿಗಿಯಾದ ಸಣ್ಣ ಸಣ್ಣ ಕಣಗಳಾಗಿ ಅಡಕಗೊಂಡಿರುತ್ತವೆ. ತಣ್ಣೀರು ಈ ಕಣಗಳೊಳಕ್ಕೆ ಸುಲಭವಾಗಿ ನುಗ್ಗಲಾರದು. ಆದರೆ ನೀರು ಕಾದು, ಅಕ್ಕಿಯ ತಳಿಯನ್ನನುಸರಿಸಿ ಸುಮಾರು ೫೫ರಿಂದ ೭೯ ಸೆಂಟಿಗ್ರೇಡ್ ಡಿಗ್ರಿಗಳನ್ನು ಮುಟ್ಟಿದಾಗ, ಸರಪಣಿಗಳ ಬಿಗಿ ಸಡಿಲಿ ಕಣಗಳು ನೀರನ್ನು ಹೀರಿ ಉಬ್ಬುತ್ತವೆ. ಅನ್ನ ಬೇಯುವುದೆಂದರೆ ಇದೇ. ಹೀಗೆ ಬೆಂದ ಅನ್ನದ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನೀರೇ ಇರುತ್ತದೆ.

ಅನ್ನ ಆರತೊಡಗಿದೊಡನೆ ಇದಕ್ಕೆ ವಿರುದ್ಧವಾದ ಕಾರ್ಯ ಆರಂಭವಾಗುತ್ತದೆ. ಚದರಿಹೋಗಿದ್ದ ಸರಪಣಿಗಳು ಮತ್ತೆ ಒಂದರ ಪಕ್ಕದಲ್ಲೊಂದು ಸಾಲುಗೂಡಿ ಸಣ್ಣ ಹರಳುಗಳಾಗುತ್ತವೆ. ತಮ್ಮ ನಡುವಿನ ನೀರನ್ನು ಹೊರಕ್ಕೆ ಹಿಂಡುತ್ತವೆ. ನೇರವಾದ ಅಮೈಲೋಸ್ ಕೆಲವೇ ಗಂಟೆಗಳಲ್ಲಿ ಹೀಗೆ ಸಾಲುಗೂಡಿದರೆ, ಕೊಂಬೆಗಳುಳ್ಳ ಅಮೈಲೋಪೆಕ್ಟಿನ್ನಿಗೆ ದಿನಗಳೇ ಬೇಕಾಗುತ್ತವೆ. ತಂಗಳನ್ನದ ಅಗುಳು ಗಟ್ಟಿಯಾಗಿ, ಬಿಡಿಬಿಡಿಯಾಗಿ ಇರುವುದಕ್ಕೆ ಇದೇ ಕಾರಣ. ನೀರು ಹೆಪ್ಪುಗಟ್ಟದಷ್ಟು ತಂಪಿನಲ್ಲಿ, ಎಂದರೆ ರೆಫ್ರಿಜರೇಟರಿನೊಳಗಿನ ೪ ಡಿಗ್ರಿಯ ಸುಮಾರಿನಲ್ಲಿ, ಈ ಕಾರ್ಯ ಅತಿ ಶೀಘ್ರವಾಗಿ ನಡೆಯುತ್ತದೆ. ಅಮೈಲೋಸ್ ಹೆಚ್ಚಾಗಿರುವ ಅಕ್ಕಿಯ ಅನ್ನ ಉದುರುದುರಾಗಿಯೂ, ಅದು ಇಲ್ಲವೆನ್ನುವಷ್ಟು ಕಡಮೆಯಿರುವ ಅಂಟಕ್ಕಿಯ ಅನ್ನ ಮುದ್ದೆಯಾಗಿಯೂ ಇರುವುದೇಕೆಂಬುದು ಈಗ ಓದುಗರಿಗೆ ತಾನಾಗಿ ಹೊಳೆಯಬಹುದು.

ಬಾಣಲೆಯಲ್ಲಿ ನಡೆಯುವುದೇನು?

ಬಿಸಿ ಅನ್ನದ ಅಗುಳಿನ ಮೈಮೇಲೆ ತೇವವೂ ಅಂಟಾದ ಪಿಷ್ಟವೂ ಇರುತ್ತವೆ. ಅದನ್ನು ಬಾಣಲೆಗೆ ಹಾಕಿದರೆ ಏನಾಗುತ್ತದೆ? ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕ್ಯಾಲರಿ ಶಾಖ ಸಾಕು. ಆದರೆ ಕುದಿಯುವ ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು ೫೪೦ ಕ್ಯಾಲರಿ ಬೇಕು. ಅನ್ನದ ಮೈಮೇಲೆ ೫೦ ಗ್ರಾಂ ಹೆಚ್ಚಿನ ನೀರಿದ್ದರೆ ಅದೊಂದನ್ನೇ ಓಡಿಸಲು ೨೭,೦೦೦ ಕ್ಯಾಲರಿ ವ್ಯಯವಾಗುವುದು. ಆ ನೀರು ಇರುವಷ್ಟು ಹೊತ್ತೂ ಅಗುಳಿನ ಮೈಯ ಉಷ್ಣತೆ ೧೦೦ ಡಿಗ್ರಿಯನ್ನು ಹೆಚ್ಚಾಗಿ ದಾಟಲಾರದು. ಆಗ ಅನ್ನ ಹುರಿಯುವುದಿಲ್ಲ. ಇನ್ನೊಮ್ಮೆ ಬೆಂದು ಮುದ್ದೆಯಾಗುತ್ತದೆ.

ಮೈ ಒಣಗಿದ ತಣ್ಣನೆಯ ಅನ್ನದ ಕಥೆಯೇ ಬೇರೆ. ಅಗುಳಿನ ಹೊರಮೈ ಬೇಗನೆ ೧೪೦ ಡಿಗ್ರಿಗಿಂತ ಮೇಲೇರಿ, ಅಲ್ಲಿನ ಶರ್ಕರಗಳೂ ಸಸಾರಜನಕಗಳ ಅಂಶಗಳೂ ಕೂಡಿಕೊಂಡು ಕಂದುಬಣ್ಣವನ್ನೂ ಸುವಾಸನೆಯನ್ನೂ ಕೊಡುವ ನೂರಾರು ಹೊಸ ವಸ್ತುಗಳಾಗುತ್ತವೆ. ರೊಟ್ಟಿಯ ಮೇಲಿನ ಕಂದುಚುಕ್ಕೆಗಳಲ್ಲಿ ಕಾಣುವುದೂ ಇದೇ ಕ್ರಿಯೆ. ಒಳಗೆ ಗಟ್ಟಿಯಾಗಿದ್ದ ಅಗುಳು ಮಾತ್ರ ಈ ಶಾಖದಿಂದ ಮೆತ್ತಗಾಗುತ್ತದೆ. ಏಕೆಂದರೆ ಅಮೈಲೋಪೆಕ್ಟಿನ್ನಿನ ಹರಳುಗಳು ಸುಮಾರು ೬೦ ಡಿಗ್ರಿಯಲ್ಲೇ ಕರಗುವಂಥವು. ಹೊರಗೆ ಹುರಿದು, ಒಳಗೆ ಮೆದುವಾಗಿ, ಒಂದಕ್ಕೊಂದು ಅಂಟದಿರುವ ಅಗುಳು ಹೀಗೆ ದೊರೆಯುತ್ತದೆ.

ಚೀನೀ ಬಾಣಸಿಗರ ಒಲೆಯ ಜ್ವಾಲೆ ಬಹು ಪ್ರಖರವಾದುದು. ಅನ್ನ ಸೀಯದಂತೆ ಅವರು ಬಾಣಲೆಯನ್ನು ಎಡೆಬಿಡದೆ ಕುಲುಕಿ ಅಗುಳುಗಳನ್ನು ಗಾಳಿಗೆ ಚಿಮ್ಮಿಸುತ್ತಾರೆ. ಅಮೆರಿಕದ ಜಾರ್ಜಿಯ ತಾಂತ್ರಿಕ ಸಂಸ್ಥೆಯ ಹುಂಗ್‌ಟಾಂಗ್ ಕೋ ಮತ್ತು ಡೇವಿಡ್ ಹೂ ಎಂಬವರು ಈ ಚಲನೆಯನ್ನು ಚಿತ್ರಿಸಿ ೨೦೨೦ರಲ್ಲಿ ಅದರ ಗಣಿತವನ್ನು ಪ್ರಕಟಿಸಿದರು. ಬಾಣಲೆ ಹಿಂದುಮುಂದಾಗಿ ಸರಿಯುವುದರ ಜೊತೆಗೆ ತೂಗುಮಣೆಯಂತೆ ಓಲಾಡುತ್ತದೆ. ಇಂಥ ಒಂದೊಂದು ಆವರ್ತನೆಗೂ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟೇ ಕಾಲ. ಚಿಮ್ಮಿದ ಅಗುಳು ಎಸೆದ ಕಲ್ಲಿನಂತೆಯೇ ವಕ್ರಪಥದಲ್ಲಿ ಸಾಗುತ್ತದೆ. ಗಾಳಿಯಲ್ಲಿರುವ ಆ ಕ್ಷಣದಲ್ಲಿ ಅದು ತುಸು ತಣ್ಣಗಾಗಿ, ಸೀಯದೆ ಉಳಿಯುತ್ತದೆ.

ಅನ್ನದಲ್ಲಿ ಅಡಗಿರುವ ಜೀವಿ

ತಣ್ಣನೆಯ ಅನ್ನ ಬೇಕೆಂದಮೇಲೆ, ರಾತ್ರಿ ಮಾಡಿದ ಅನ್ನವನ್ನು ಪಾತ್ರೆಯಲ್ಲೇ ಮುಚ್ಚಿಟ್ಟು ಮರುದಿನ ಹುರಿದರಾಯಿತಲ್ಲ ಎಂದು ತೋರುವುದು ಸಹಜ. ೧೯೭೦ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹಲವು ಚೀನೀ ಭೋಜನಶಾಲೆಗಳ ಅಡುಗೆಮನೆಗಳಲ್ಲಿ ನಡೆದುದೂ ಇದೇ. ರೆಫ್ರಿಜರೇಟರಿನಲ್ಲಿಟ್ಟ ಅನ್ನ ಗಂಟುಗಟ್ಟುತ್ತದೆಂದು, ಬೇಯಿಸಿದ ಅನ್ನದ ರಾಶಿಯನ್ನು ಹೊರಗೇ ಇರಿಸಿ, ಬೇಕಾದಾಗ ಹುರಿದು ಕೊಡುತ್ತಿದ್ದರು. ಉಂಡವರು ಕೆಲವೇ ಗಂಟೆಗಳಲ್ಲಿ ವಾಂತಿಮಾಡಿಕೊಂಡ ಪ್ರಕರಣಗಳು ಒಂದರ ಹಿಂದೊಂದು ವರದಿಯಾದವು. ವೈದ್ಯರು ಹುಡುಕಿದಾಗ ಸಿಕ್ಕಿದ್ದು ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ.

ಇದು ಮಣ್ಣಿನಲ್ಲಿ ವಾಸಿಸುವ ಜೀವಿ. ಗದ್ದೆಯಿಂದ ಭತ್ತಕ್ಕೆ, ಭತ್ತದಿಂದ ಅಕ್ಕಿಗೆ ಬರುವುದು ಸಾಮಾನ್ಯ. ಪರಿಸ್ಥಿತಿ ಪ್ರತಿಕೂಲವಾದಾಗ ಇದು ತನ್ನ ಸುತ್ತ ದಪ್ಪ ಕವಚವನ್ನು ಕಟ್ಟಿಕೊಂಡು ಬೀಜಾಣುವಾಗಿ ನಿದ್ರಿಸುತ್ತದೆ. ಕುದಿಯುವ ನೀರಿನಲ್ಲಿ ಇತರ ಬ್ಯಾಕ್ಟೀರಿಯಗಳು ಸಾಯುತ್ತವೆ. ಈ ಬೀಜಾಣುಗಳಲ್ಲಿ ಕೆಲವು ಉಳಿಯುತ್ತವೆ. ಪ್ರೆಷರ್ ಕುಕ್ಕರಿನ ಹೆಚ್ಚಿನ ಶಾಖದಲ್ಲಿ ಅವುಗಳ ಸಂಖ್ಯೆ ಕಡಮೆಯಾಗುವುದಾದರೂ, ಮುಚ್ಚಳ ತೆಗೆದ ಮೇಲೆ ಸೌಟು, ಕೈ, ಧೂಳುಗಳ ಮೂಲಕ ಹೊಸವು ಸೇರಬಹುದು. ಅನ್ನ ಉಗುರುಬೆಚ್ಚಗಾದಾಗ ಬೀಜಾಣುಗಳು ಎಚ್ಚರಗೊಳ್ಳುತ್ತವೆ. ನೀರುಂಟು, ಪಿಷ್ಟವುಂಟು, ಪೈಪೋಟಿಗೆ ಬೇರೆ ಜೀವಿಗಳಿಲ್ಲ! ೩೦ ಡಿಗ್ರಿಯ ಸುಮಾರಿನ ಉಷ್ಣತೆ, ಎಂದರೆ ನಮ್ಮ ಬೇಸಗೆಯ ಅಡುಗೆಮನೆಯ ಉಷ್ಣತೆ, ಇವಕ್ಕೆ ಬಹಳ ಪ್ರಿಯ. ಅರ್ಧ ಗಂಟೆಗೊಮ್ಮೆ ಇವು ಇಮ್ಮಡಿಯಾಗುವುವೆಂದು ಭಾವಿಸಿ ಲೆಕ್ಕ ಹಾಕಿರಿ: ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತು ಗಂಟೆಗಳಲ್ಲಿ ಇಪ್ಪತ್ತು ಸಲ ಇಮ್ಮಡಿಸಿದರೆ ಒಂದೇ ಜೀವಿಯಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಆಗುತ್ತವೆ.

ಬೆಂಕಿಗೂ ಸೋಲದ ವಿಷ

‘ಹಾಗಿದ್ದರೂ ಚಿಂತೆಯಿಲ್ಲ, ಬಾಣಲೆಯ ಬೆಂಕಿಯಲ್ಲಿ ಎಲ್ಲವೂ ಸತ್ತುಹೋಗುವುದಲ್ಲವೆ?’ ಎಂದು ಯಾರಾದರೂ ಕೇಳಬಹುದು. ಬೆಂಕಿ ಎಲ್ಲವನ್ನೂ ಶುದ್ಧಮಾಡುವುದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಈ ಸಂದರ್ಭದಲ್ಲಿ ಅದು ನಿಜವಲ್ಲ. ಬೆಳೆಯುತ್ತಿರುವ ಬ್ಯಾಕ್ಟೀರಿಯಗಳು ಹುರಿಯುವಾಗ ಸಾಯುವುದು ದಿಟ. ಆದರೆ ಅವು ಸಾಯುವ ಮೊದಲೇ ಅನ್ನದೊಳಕ್ಕೆ ಸೀರಿಯುಲೈಡ್ ಎಂಬ ವಿಷವನ್ನು ಬಿಟ್ಟಿರುತ್ತವೆ. ಹನ್ನೆರಡು ಘಟಕಗಳು ಉಂಗುರದಂತೆ ಜೋಡಣೆಗೊಂಡ ಈ ಅಣು ಬಹು ಗಟ್ಟಿಯಾದುದು. ೧೨೧ ಡಿಗ್ರಿ ಶಾಖದಲ್ಲಿ ಒಂದೂವರೆ ಗಂಟೆ ಇರಿಸಿದರೂ ಅದು ನಾಶವಾಗುವುದಿಲ್ಲ. ಹೊಟ್ಟೆಯ ಆಮ್ಲಕ್ಕೂ ಅದು ಜಗ್ಗದು. ಆದಮೇಲೆ ಬಾಣಲೆಯಲ್ಲಿ ಐದು ನಿಮಿಷ ಹುರಿಯುವುದರಿಂದ ಆಗುವುದೇನು? ಚಿತ್ರಾನ್ನಕ್ಕೆ ಬೆಳಗ್ಗೆ ಹಿಂಡುವ ನಿಂಬೆಹುಳಿಯೂ, ಒಗ್ಗರಣೆಯ ಅರಿಸಿನವೂ ರಾತ್ರಿಯೇ ಹುಟ್ಟಿದ ವಿಷವನ್ನು ಕಳೆಯಲಾರವು. ಅನ್ನ ಹಳಸಿದ ವಾಸನೆ ಬರಲೇಬೇಕೆಂದೂ ಇಲ್ಲ. ಆದುದರಿಂದ ಮೂಗನ್ನು ನಂಬುವಂತಿಲ್ಲ.

ವಿಷ ಸೇರಿದ ಅನ್ನವನ್ನುಂಡ ಅರ್ಧ ಗಂಟೆಯಿಂದ ಆರು ಗಂಟೆಗಳೊಳಗಾಗಿ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಬಹುಪಾಲು ಜನರಿಗೆ ಒಂದು ದಿನದೊಳಗೆ ಗುಣವಾಗುತ್ತದೆ. ಆದರೆ ಅಪರೂಪಕ್ಕೆ ಈ ವಿಷ ಯಕೃತ್ತನ್ನೇ ಕೆಡಿಸುವುದುಂಟು. ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ೨೦೦೮ರಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬನು ಐದು ದಿನಗಳ ಹಿಂದೆ ಬೇಯಿಸಿ ಅಡುಗೆಮನೆಯಲ್ಲಿ ಹೊರಗೇ ಇಟ್ಟಿದ್ದ ಸ್ಪಗೆಟಿಯನ್ನು ಬಿಸಿಮಾಡಿ ತಿಂದು, ಅದೇ ರಾತ್ರಿ ತೀರಿಕೊಂಡನು. ಅಕ್ಕಿಯಲ್ಲ, ಗೋಧಿಯ ಶಾವಿಗೆ. ಆದರೆ ಜೀವಿ ಅದೇ, ವಿಷವೂ ಅದೇ. ಬಿಸಿಮಾಡಿದೆನಲ್ಲ ಎಂಬ ಧೈರ್ಯ ಎಷ್ಟು ಪೊಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ಮಾಡುವುದು ಹೇಗೆ?

ಇದನ್ನು ಓದಿ ಹುರಿದ ಅನ್ನವನ್ನೇ ಬಿಡಬೇಕಾಗಿಲ್ಲ. ನಮಗೆ ಬೇಕಾದುದು ತಂಪು ಮತ್ತು ಶುಷ್ಕತೆ; ಬೇಡವಾದುದು ಬೆಚ್ಚಗಿನ ಸ್ಥಿತಿಯಲ್ಲಿ ಕಳೆಯುವ ದೀರ್ಘಕಾಲ. ಇವೆರಡನ್ನೂ ಬೇರ್ಪಡಿಸುವ ಉಪಾಯ ಭೌತಶಾಸ್ತ್ರದಲ್ಲಿದೆ. ಒಂದು ರಾಶಿಯ ಒಳಗಿನ ಶಾಖ ಹೊರಬರಲು ಬೇಕಾಗುವ ಕಾಲ, ರಾಶಿಯ ದಪ್ಪದ ವರ್ಗವನ್ನು ಅನುಸರಿಸುತ್ತದೆ. ಪಾತ್ರೆಯಲ್ಲಿ ೧೦ ಸೆಂಟಿಮೀಟರ್ ದಪ್ಪವಾಗಿರುವ ಅನ್ನವನ್ನು ತಟ್ಟೆಯಲ್ಲಿ ೨ ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ, ದಪ್ಪ ಐದರಲ್ಲೊಂದಾಗಿ, ಒಳಶಾಖ ಹೊರಬೀಳುವ ಕಾಲ ಇಪ್ಪತ್ತೈದರಲ್ಲೊಂದಾಗುವುದು. ಮದುವೆಮನೆಗಳಲ್ಲಿ ಅನ್ನವನ್ನು ಚಾಪೆಯ ಮೇಲೆ ಹರಡಿ ಆರಿಸುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ನಾಲ್ವರಿಗೆ ೩೦೦ ಗ್ರಾಂ ಅಕ್ಕಿ ಸಾಕು. ಅದನ್ನು ಎರಡು ಮೂರು ಸಲ ತೊಳೆದು ಮೇಲಿನ ಪಿಷ್ಟದ ಹುಡಿಯನ್ನು ಕಳೆದು, ವಾಡಿಕೆಗಿಂತ ತುಸು ಕಡಮೆ ನೀರಿನಲ್ಲಿ ಬೇಯಿಸಬೇಕು. ಬೆಂದೊಡನೆ ಅಗಲವಾದ ಶುಚಿ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಬೀಸಣಿಗೆಯ ಗಾಳಿಗೆ ಅರ್ಧ ಗಂಟೆ ಇರಿಸಬೇಕು. ಅಗುಳಿನ ಮೈ ಒಣಗಿ ಅದು ಅಂದೇ ಸಂಜೆ ಹುರಿಯಲು ಯೋಗ್ಯವಾಗುವುದು. ರೆಫ್ರಿಜರೇಟರಿಲ್ಲದ ಮನೆಗಳಿಗೂ ವಿದ್ಯಾರ್ಥಿಗಳ ಕೊಠಡಿಗಳಿಗೂ ಇದೇ ಉತ್ತಮ ಮಾರ್ಗ. ಮರುದಿನಕ್ಕೆ ಬೇಕಾದರೆ ಹೀಗೆ ಆರಿಸಿದ ಅನ್ನವನ್ನು ಬೆಂದ ಒಂದು ಗಂಟೆಯೊಳಗಾಗಿ ರೆಫ್ರಿಜರೇಟರಿಗೆ ಸೇರಿಸಿ, ೫ ಡಿಗ್ರಿಗಿಂತ ಕೆಳಗಿರಿಸಿ, ಒಂದು ದಿನದೊಳಗೆ ಮುಗಿಸಬೇಕು. ಬೇಯಿಸಿದ ಆಹಾರವನ್ನು ಎರಡು ಗಂಟೆಗಳಿಗಿಂತ ಹೆಚ್ಚು ಕಾಲ ಹೊರಗಿಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಹುರಿಯುವ ಯೋಚನೆಯನ್ನೇ ಮಾಡಬಾರದು.

ಇನ್ನು ಹುರಿಯುವ ಕೆಲಸ. ನಮ್ಮ ಮನೆಯ ಒಲೆಯ ಜ್ವಾಲೆ ಚಿಕ್ಕದು. ಆದುದರಿಂದ ಅನ್ನವನ್ನು ಎರಡು ಪಾಲುಮಾಡಿ ಒಂದೊಂದಾಗಿ ಹುರಿಯಬೇಕು. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಹಾಕಿ, ಜಜ್ಜಿದ ಶುಂಠಿ ಬೆಳ್ಳುಳ್ಳಿಗಳನ್ನು ಬಾಡಿಸಿ, ಸಣ್ಣಗೆ ಹೆಚ್ಚಿದ ಹುರುಳಿಕಾಯಿ, ಗಜ್ಜರಿ, ಬಟಾಣಿಗಳನ್ನು ಎರಡು ಮೂರು ನಿಮಿಷ ಹುರಿಯಿರಿ. ಮೊಟ್ಟೆ ತಿನ್ನುವವರು ಅದನ್ನು ಮೊದಲೇ ಕದಡಿ ಹುರಿದು ಬೇರೆ ತೆಗೆದಿಟ್ಟುಕೊಳ್ಳಬಹುದು. ಬಳಿಕ ಅನ್ನ ಹಾಕಿ, ಒಂದೆರಡು ಕ್ಷಣ ಕದಲಿಸದೆ ಬಿಟ್ಟು, ಅನಂತರ ಮಗುಚಿರಿ. ಅನ್ನವೆಲ್ಲ ಹಬೆಯಾಡುವಷ್ಟು ಬಿಸಿಯಾದ ಮೇಲೆ ಪಾಲಿಗೆ ಅರ್ಧ ಚಮಚದಂತೆ ಸೋಯಾರಸವನ್ನು ಬಾಣಲೆಯ ಅಂಚಿನಲ್ಲಿ ಸುರಿದು, ಈರುಳ್ಳಿ ಸೊಪ್ಪನ್ನು ಉದುರಿಸಿ ಇಳಿಸಿರಿ. ಸೋಯಾರಸದಲ್ಲಿ ಗ್ಲುಟಮೇಟ್ ಹೇರಳವಾಗಿದೆ. ಸಿಹಿ, ಹುಳಿ, ಉಪ್ಪು, ಕಹಿಗಳಿಗಿಂತ ಬೇರೆಯಾದ ಈ ರುಚಿಯನ್ನು ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ೧೯೦೮ರಲ್ಲಿ ಗುರುತಿಸಿ ‘ಉಮಾಮಿ’ ಎಂದು ಕರೆದರು.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಒಂದೇ ಅನ್ನದಲ್ಲಿ ಒಂದು ಹಿಡಿಯನ್ನು ಬಿಸಿಯಾಗಿರುವಾಗಲೇ, ಇನ್ನೊಂದನ್ನು ಗಾಳಿಗೆ ಆರಿಸಿ, ಮತ್ತೊಂದನ್ನು ರೆಫ್ರಿಜರೇಟರಿನಲ್ಲಿ ರಾತ್ರಿ ಕಳೆದ ಮೇಲೆ ಹುರಿದು, ಅಗುಳು ಎಷ್ಟು ಬಿಡಿಯಾಗಿದೆ, ಬಣ್ಣ ಎಷ್ಟು ಬಂದಿದೆ ಎಂಬುದನ್ನು ಬರೆದಿಟ್ಟು ಹೋಲಿಸಿರಿ. ಅಕ್ಕಿಯ ತಳಿಯನ್ನು ಬದಲಿಸಿ ಮತ್ತೆ ನೋಡಿರಿ. ಪಟ್ಟಿಯಲ್ಲಿ ನಾಲ್ಕನೆಯದೊಂದು ಇಲ್ಲದಿರುವುದನ್ನು ಗಮನಿಸಿದಿರಷ್ಟೆ. ಅಡುಗೆಮನೆಯಲ್ಲಿ ರಾತ್ರಿಯೆಲ್ಲ ಹೊರಗಿಟ್ಟ ಅನ್ನವೂ ಪ್ರಾಯಶಃ ಅಷ್ಟೇ ಚೆನ್ನಾಗಿ ಹುರಿದೀತು, ಅಷ್ಟೇ ರುಚಿಯಾಗಿಯೂ ಇದ್ದೀತು. ಅದು ಅಪಾಯಕರವಾಗಿರುವುದು ಅದಕ್ಕಾಗಿಯೇ. ಸೂಕ್ಷ್ಮಜೀವಿಯನ್ನು ಬೆಂಕಿ ಕೊಲ್ಲಬಲ್ಲದು. ಕಳೆದುಹೋದ ಹೊತ್ತಿನಲ್ಲಿ ಅದು ಮಾಡಿಟ್ಟ ಕೆಲಸವನ್ನು ಅಳಿಸಲಾರದು. ಆದಕಾರಣ ಒಲೆಯ ಮೇಲಿನ ಎಚ್ಚರಕ್ಕಿಂತ, ಅನ್ನವನ್ನು ಒಲೆಯಿಂದ ಇಳಿಸಿದ ಮೇಲಿನ ಮೊದಲ ಗಂಟೆಯ ಎಚ್ಚರವೇ ದೊಡ್ಡದು.