ಗುದ್ದಿದವನು ಪರಾರಿಯಾದರೂ ಪರಿಹಾರ ಕೈಸೇರಲು ಎಂಟು ಸೂತ್ರಗಳು

ಆಂಧ್ರದ ಕರ್ನೂಲು ಜಿಲ್ಲೆಯ ಮದ್ದಿಕೇರದಿಂದ ಗುಂತಕಲ್ಲಿಗೋ ಪತ್ತಿಕೊಂಡಕ್ಕೋ ರಾತ್ರಿ ಬೈಕಿನಲ್ಲಿ ಹೊರಟವರನ್ನು ಲಾರಿಯೊಂದು ಗುದ್ದಿ ಮಾಯವಾದರೆ ಮನೆಯವರು ಕೈಚೆಲ್ಲುತ್ತಾರೆ: "ನಂಬರೇ ಗೊತ್ತಿಲ್ಲ, ಯಾರನ್ನ ಕೇಳೋದು?" ಕೇಳಲು ಜಾಗವಿದೆ. ಮೋಟಾರು ವಾಹನ ಕಾಯ್ದೆಯ 161ನೇ ಕಲಮಿನಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸಿಗುತ್ತದೆ. 2022ರ ಏಪ್ರಿಲ್ 1ಕ್ಕೆ ಮುಂಚೆ ಇದು ಬರೀ 25 ಸಾವಿರ ಮತ್ತು 12,500 ಇತ್ತು. ಹಣ ಕೊಡುವುದು ಜನರಲ್ ಇನ್ಶೂರೆನ್ಸ್ ಕೌನ್ಸಿಲ್. ಇದಕ್ಕೆ ಕೋರ್ಟು ಹತ್ತಬೇಕಿಲ್ಲ, ಕಾಗದಪತ್ರ ಸರಿಯಿದ್ದರೆ ಸಾಕು.

1. ಮೊದಲು ಆಸ್ಪತ್ರೆ. 108ಕ್ಕೆ ಫೋನ್ ಮಾಡಿ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷದ ತನಕ ಕೈಯಿಂದ ದುಡ್ಡು ಕಟ್ಟದೆ ಚಿಕಿತ್ಸೆ ಪಡೆಯಬಹುದು. ಗುದ್ದಿದ ಗಾಡಿ ಸಿಗಲಿ, ಬಿಡಲಿ.

2. ದೂರನ್ನು ಓದಿಸಿಕೊಂಡು ಸಹಿ ಹಾಕಿ. ಠಾಣೆಯಲ್ಲಿ ಬರೆಯುವುದು ತೆಲುಗಿನಲ್ಲಿ. ಓದಲು ಬಾರದಿದ್ದರೆ ಗಟ್ಟಿಯಾಗಿ ಓದಿಸಿ. "ಗುರುತು ತಿಳಿಯದ ವಾಹನ ಗುದ್ದಿದೆ" ಎಂಬ ಮಾತು ಅದರಲ್ಲಿ ಇರಲೇಬೇಕು. "ಬೈಕ್ ಜಾರಿ ಬಿದ್ದ" ಎಂದು ದಾಖಲಾದರೆ ಪರಿಹಾರದ ದಾರಿ ಅಲ್ಲಿಗೇ ಮುಚ್ಚಿದಂತೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ, ಕೇಳಿ ಪಡೆಯಿರಿ.

3. ಬೆಳಗಾಗುವ ಮೊದಲೇ ಗುರುತು ಉಳಿಸಿ. ಒಡೆದ ಹೆಡ್‌ಲೈಟಿನ ಗಾಜು, ಬಂಪರಿನ ಚೂರು, ನಿಮ್ಮ ಗಾಡಿಗೆ ಹತ್ತಿದ ಬೇರೆ ಬಣ್ಣ: ಎಲ್ಲದರ ಫೋಟೊ ತೆಗೆಯಿರಿ, ಮುಟ್ಟದೆ ಪೊಲೀಸರಿಗೆ ತೋರಿಸಿ. ದಾರಿಯ ಪೆಟ್ರೋಲ್ ಬಂಕು, ಹೋಟೆಲುಗಳ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ತೆಗೆಸುವಂತೆ ಠಾಣೆಗೆ ಬರವಣಿಗೆಯಲ್ಲೇ ಕೇಳಿ.

4. ವೂಂಡ್ ಸರ್ಟಿಫಿಕೇಟ್ ನೋಡಿಕೊಳ್ಳಿ. 50 ಸಾವಿರ ಸಿಗುವುದು ಗಾಯ "ತೀವ್ರ" ಎಂದಿದ್ದರೆ ಮಾತ್ರ. ಕಾನೂನಿನ ಲೆಕ್ಕದಲ್ಲಿ ಮೂಳೆ ಮುರಿದರೂ ತೀವ್ರ, ಹಲ್ಲು ಮುರಿದರೂ ತೀವ್ರ. ಎಕ್ಸ್‌ರೇ ಜೋಪಾನವಾಗಿಡಿ. ಸಾವಾಗಿದ್ದರೆ ಮರಣೋತ್ತರ ಪರೀಕ್ಷೆ ತಪ್ಪಿಸಬೇಡಿ. ಆ ವರದಿಯಿಲ್ಲದೆ ಅರ್ಜಿ ನಿಲ್ಲದು.

5. ಅರ್ಜಿ ಅಪಘಾತ ನಡೆದ ಊರಿನ ಕಚೇರಿಗೆ. ನಿಮ್ಮ ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಮದ್ದಿಕೇರ ಮಂಡಲದಲ್ಲಿ ನಡೆದರೆ ಪತ್ತಿಕೊಂಡ ವಿಭಾಗದ ಕಂದಾಯ ಅಧಿಕಾರಿಗಳ ಬಳಿ. ಮಂಜೂರು ಮಾಡುವವರು ಕರ್ನೂಲಿನ ಕಲೆಕ್ಟರ್. ಗಡಿ ದಾಟಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದರೆ ಅಲ್ಲಿಯ ಅಧಿಕಾರಿಗಳ ಬಳಿ. ಎಫ್‌ಐಆರ್, ವೈದ್ಯಕೀಯ ವರದಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿರಲಿ. ಸ್ವೀಕೃತಿ ಪಡೆಯದೆ ಹೊರಬರಬೇಡಿ.

6. ದಿನ ಎಣಿಸಿ. ವಿಚಾರಣೆ ಮುಗಿಸಿ ವರದಿ ಕೊಡಲು ಒಂದು ತಿಂಗಳು, ಮಂಜೂರಾತಿಗೆ ಹದಿನೈದು ದಿನ, ಹಣ ಹಾಕಲು ಹದಿನೈದು ದಿನ. ತಿಂಗಳಾದರೂ ಗಾಡಿ ಪತ್ತೆಯಾಗದಿದ್ದರೆ ಈ ಪರಿಹಾರ ಕೇಳಬಹುದೆಂದು ಪೊಲೀಸರೇ ನಿಮಗೆ ಬರೆದು ತಿಳಿಸಬೇಕು. ಇದು 2024ರ ಜನವರಿ 12ರ ಸುಪ್ರೀಂ ಕೋರ್ಟ್ ಆದೇಶ. ಕಚೇರಿಯಲ್ಲಿ "ನಾಳೆ ಬಾ" ಎಂದರೆ ಈ ತಾರೀಖು ಹೇಳಿ. ದಲ್ಲಾಳಿಗೆ ಕಮಿಷನ್ ಕೊಡುವ ಅಗತ್ಯವೇ ಇಲ್ಲ.

7. ಗಾಡಿ ಸಿಕ್ಕರೆ ದಾರಿ ಬದಲಿಸಿ. ಆಗ ಹೊಣೆ ಆ ಗಾಡಿಯ ವಿಮಾ ಕಂಪನಿಯದು. 164ನೇ ಕಲಮಿನಡಿ ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳಬಹುದು. ದುಡಿಯುವವರನ್ನು ಕಳೆದುಕೊಂಡಿದ್ದರೆ 166ನೇ ಕಲಮಿನಡಿ ಹೆಚ್ಚು ಸಿಗಬಹುದು, ಆದರೆ ತಪ್ಪು ಸಾಬೀತಾಗಬೇಕು. ವಕೀಲರನ್ನು ಕಂಡು, ಅಪಘಾತವಾದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಮೊದಲು ಪಡೆದ 161ರ ಹಣ ಇದರಲ್ಲಿ ವಜಾ ಆಗುತ್ತದೆ.

8. ಸ್ವಂತ ವಿಮೆ ಇವತ್ತೇ ತೆಗೆದು ನೋಡಿ. ಪಾಲಿಸಿಯಲ್ಲಿ ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸೇರಿದ್ದರೆ, ಲೈಸೆನ್ಸ್ ಚಾಲ್ತಿಯಲ್ಲಿದ್ದರೆ, ಗುದ್ದಿದವನು ಸಿಗದಿದ್ದರೂ ಅದು ಅನ್ವಯಿಸುತ್ತದೆ. ಬ್ಯಾಂಕಿನ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿಗೆ ಇನ್ನೂ 2 ಲಕ್ಷ ಕೊಡುತ್ತದೆ. ಪಾಸ್‌ಬುಕ್ಕಿನಲ್ಲಿ ಆ 20 ರೂಪಾಯಿ ಕಡಿತವಾಗಿದೆಯೇ ನೋಡಿ. ಇಲ್ಲವಾದರೆ ನಾಳೆಯೇ ಬ್ಯಾಂಕಿಗೆ ಹೋಗಿ ಫಾರಂ ತುಂಬಿ. ಪಾಲಿಸಿ ಎಲ್ಲಿಟ್ಟಿದ್ದೀರಿ ಎಂದು ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ.