ಕಾಡುಹಂದಿಗೆ ಕೋವಿ ಎತ್ತುವ ಮುನ್ನ: ಲೈಸೆನ್ಸ್ ಇದ್ದರೆ ಸಾಕೆ, ತರಬೇತಿ ಬೇಕೆ?

ಸಂಜೆ ನೆಟ್ಟಗೆ ನಿಂತಿದ್ದ ಮರಗೆಣಸಿನ ಸಾಲು ಬೆಳಗಾಗುವಷ್ಟರಲ್ಲಿ ಬುಡಮೇಲು. ಬಾಳೆಯ ಬುಡ ಅಗೆದು ಹಾಕಿದೆ, ಭತ್ತದ ಗದ್ದೆ ಉರುಳಾಡಿ ಚಪ್ಪಟೆಯಾಗಿದೆ. ಮಲೆನಾಡು, ಕೊಡಗು, ಕರಾವಳಿಯ ರೈತರಿಗೆ ಕಾಡುಹಂದಿಯ ಈ ಹಾವಳಿ ಹೊಸದಲ್ಲ. ‘ಕೋವಿ ಇದೆ, ಲೈಸೆನ್ಸ್ ಇದೆ, ಅನುಮತಿ ಸಿಕ್ಕರೆ ಹೊಡೆದುಬಿಡುತ್ತೇವೆ’ ಎನ್ನುವವರೂ ಕಡಿಮೆಯಿಲ್ಲ. ಆದರೆ ಲೈಸೆನ್ಸ್ ಹೇಳುವುದು ಕೋವಿ ಇಟ್ಟುಕೊಳ್ಳಬಹುದು ಎಂದಷ್ಟೇ. ಅನುಮತಿ ಪತ್ರ ಹೇಳುವುದು ಈ ಪ್ರಾಣಿಯನ್ನು ಹೊಡೆಯಬಹುದು ಎಂದಷ್ಟೇ. ಕತ್ತಲಲ್ಲಿ, ಕಾರ್ಮಿಕರು ಓಡಾಡುವ ತೋಟದಲ್ಲಿ, ನೂರು ಕಿಲೋ ತೂಗಬಲ್ಲ ಪ್ರಾಣಿಯನ್ನು ಒಂದೇ ಗುಂಡಿಗೆ ಕೆಡವಲು ನಿಮಗೆ ಬರುತ್ತದೆ ಎಂದು ಎರಡೂ ಹೇಳುವುದಿಲ್ಲ. ಗಾಡಿಯ ಆರ್‌ಸಿ ಕೈಲಿದ್ದ ಮಾತ್ರಕ್ಕೆ ಡ್ರೈವಿಂಗ್ ಬಂದಂತಾಗುವುದಿಲ್ಲವಲ್ಲ.

ಹೊರದೇಶಗಳಲ್ಲಿ ಈ ಪ್ರಶ್ನೆ ಇತ್ಯರ್ಥವಾಗಿ ದಶಕಗಳೇ ಕಳೆದಿವೆ. ಜರ್ಮನಿಯಲ್ಲಿ ಬೇಟೆಯ ಪರವಾನಗಿ ಬೇಕಾದವರು ಲಿಖಿತ, ಮೌಖಿಕ ಪರೀಕ್ಷೆಗಳ ಜೊತೆಗೆ ಗುರಿ ಪರೀಕ್ಷೆಯನ್ನೂ ಪಾಸು ಮಾಡಬೇಕು. ಸ್ವೀಡನ್‌ನಲ್ಲಿ 1985ರಿಂದ ಬೇಟೆಗಾರರಿಗೆ ಪರೀಕ್ಷೆ ಇದೆ. ಫ್ರಾನ್ಸ್ 2019ರ ಕಾನೂನಿನಲ್ಲಿ, ಹತ್ತು ವರ್ಷಕ್ಕೊಮ್ಮೆ ಸುರಕ್ಷತಾ ತರಬೇತಿಯನ್ನು ಮತ್ತೆ ಪಡೆಯುವುದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಬೇಟೆಯೇ ನಿಷಿದ್ಧವಾದ್ದರಿಂದ ಬೇಟೆಯ ಕೋರ್ಸ್ ಎಂಬುದೂ ಇಲ್ಲ. ಆದರೆ ಬೆಳೆ ಉಳಿಸಲು ಹಂದಿ ಹೊಡೆಯುವ ಅನುಮತಿ ಮಾತ್ರ ಸಿಗುತ್ತಿದೆ. ಈ ಕೊರತೆಯನ್ನು ರೈತರೇ ಹೇಗೆ ತುಂಬಿಕೊಳ್ಳಬಹುದು? ಹಂತ ಹಂತವಾಗಿ ನೋಡೋಣ.

ಹಂತ 1: ಕಾನೂನಿನ ಗೆರೆ ಎಲ್ಲಿದೆ ತಿಳಿಯಿರಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಎಂದರೆ ಅದು ಸಂರಕ್ಷಿತ ಪ್ರಾಣಿ. ಅದು ನಿಂತ ಬೆಳೆಗೆ ಅಪಾಯ ತಂದಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣಸಹಿತ ಲಿಖಿತ ಆದೇಶ ಹೊರಡಿಸಿ, ಕೊಲ್ಲಲು ಅನುಮತಿ ಕೊಡಬಹುದು. ಇದು 11ನೇ ಸೆಕ್ಷನ್.

ಕೇರಳ ಸರ್ಕಾರ 2022ರ ಮೇ ತಿಂಗಳಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಹಾಗಾಗಿ ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ಪೈವಳಿಕೆಯಂಥ ಕನ್ನಡಿಗರ ಊರುಗಳಲ್ಲಿ ರೈತರು ಮೊದಲು ಹೋಗುವುದು ಪಂಚಾಯತ್ ಕಚೇರಿಗೆ. ಆದೇಶದ ಅವಧಿ ಚಾಲ್ತಿಯಲ್ಲಿದೆಯೇ ಎಂದು ಅಲ್ಲೇ ಕೇಳಿಕೊಳ್ಳಿ. ಗಡಿ ದಾಟಿ ಪುತ್ತೂರು, ಸುಳ್ಯಕ್ಕೆ ಬಂದರೆ ಅರಣ್ಯ ಇಲಾಖೆಯ ಬಾಗಿಲನ್ನೇ ತಟ್ಟಬೇಕು.

ಬಾಯಿಮಾತಿನ ಅನುಮತಿಗೆ ಬೆಲೆಯಿಲ್ಲ. ಯಾರು, ಯಾವ ಜಾಗದಲ್ಲಿ, ಎಂದಿನವರೆಗೆ ಹೊಡೆಯಬಹುದು ಎಂಬುದು ಕಾಗದದಲ್ಲಿರಬೇಕು, ಆ ಕಾಗದ ಜೇಬಿನಲ್ಲಿರಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಶಸ್ತ್ರಾಸ್ತ್ರ ಲೈಸೆನ್ಸಿನದು ಮಾತ್ರ. ಅದು ಹಂದಿ ಹೊಡೆಯಲು ಸಿಕ್ಕ ಅನುಮತಿಯಲ್ಲ.

ಉರುಳು, ವಿಷ, ಸಿಡಿಮದ್ದು, ಬೇಲಿಗೆ ನೇರ ವಿದ್ಯುತ್: ಇವುಗಳತ್ತ ತಲೆಯೂ ಹಾಕಬೇಡಿ. 2020ರಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯ ಬಾಯಿ ಸಿಡಿದು ಅದು ಸತ್ತದ್ದು ಹಂದಿಗೆಂದು ಇಟ್ಟ ಇಂಥ ಸ್ಫೋಟಕದಿಂದಲೇ.

ಹಂತ 2: ಕೋವಿಯ ಪಾಠ ಮೊದಲಿಂದ ಕಲಿಯಿರಿ

2016ರ ಶಸ್ತ್ರಾಸ್ತ್ರ ನಿಯಮಗಳು ಹೊಸದಾಗಿ ಲೈಸೆನ್ಸ್ ಕೇಳುವವರಿಗೆ ಸುರಕ್ಷತಾ ತರಬೇತಿಯನ್ನು ವಿಧಿಸಿವೆ. ಮುಗಿಸಿದವರಿಗೆ ಎಸ್-1 ನಮೂನೆಯ ಪ್ರಮಾಣಪತ್ರ ಸಿಗುತ್ತದೆ. ಕೋವಿ ಹಿಡಿಯುವುದು, ತುಂಬುವುದು, ಇಳಿಸುವುದು, ಸಾಗಿಸುವುದು, ಬೀಗ ಹಾಕಿ ಇಡುವುದು ಇದರಲ್ಲಿ ಬರುತ್ತವೆ. ಆದರೆ ಅಪ್ಪನಿಂದ ಬಂದ ಕೋವಿಯ ಹಳೆಯ ಲೈಸೆನ್ಸ್‌ದಾರರಲ್ಲಿ ಅನೇಕರು ಈ ಪಾಠ ಕೇಳಿದವರಲ್ಲ. ವಿನಾಯಿತಿ ಇರುವವರಿಗಂತೂ ಅರ್ಜಿಯ ಹಂತವೇ ಬರುವುದಿಲ್ಲ.

ಇಂಥವರು ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ವಿಚಾರಿಸಬೇಕು. ಹಲವು ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ರೈಫಲ್ ಕ್ಲಬ್‌ಗಳ ರೇಂಜ್‌ಗಳೂ ಇವೆ.

ಕೋವಿಯನ್ನೂ ತಪಾಸಣೆ ಮಾಡಿಸಿ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ವಾಪಸ್ ತಂದು ಅಟ್ಟದಲ್ಲಿಟ್ಟ ಕೋವಿಯ ನಳಿಗೆ ತುಕ್ಕು ಹಿಡಿದಿರಬಹುದು, ಕಣಜ ಗೂಡು ಕಟ್ಟಿರಬಹುದು. ನಳಿಗೆ ಮುಚ್ಚಿದ ಕೋವಿ ಹಾರಿಸಿದರೆ ಅದು ಸಿಡಿಯುವುದು ನಿಮ್ಮ ಮುಖದ ಮುಂದೆ.

ಹಂತ 3: ನಿಮ್ಮ ಕೋವಿಯ ಗಡಿ ದೂರ ಕಂಡುಕೊಳ್ಳಿ

ನಮ್ಮ ರೈತರಲ್ಲಿ ಹೆಚ್ಚಾಗಿರುವುದು 12 ಬೋರ್‌ನ ಒಂಟಿ ಅಥವಾ ಜೋಡಿ ನಳಿಗೆಯ ಕೋವಿ. ಅದರ ಚರೆಗಳು ಹೊರಟ ಮೇಲೆ ಹರಡುತ್ತ ಹೋಗುತ್ತವೆ. ಹಕ್ಕಿ ಹೊಡೆಯುವ ಸಣ್ಣ ಚರೆಯಿಂದ ಹಂದಿ ಸಾಯುವುದಿಲ್ಲ, ಗಾಯಗೊಂಡು ಕಾಡು ಸೇರಿ ದಿನಗಟ್ಟಲೆ ನರಳುತ್ತದೆ. ದೊಡ್ಡ ಚರೆಯ ಎಲ್‌ಜಿ ತೋಟಾ ಕೂಡ ದೂರ ಹೆಚ್ಚಿದಂತೆ ನಂಬಿಕೆಗೆ ಅರ್ಹವಲ್ಲ.

ರೇಂಜ್‌ನಲ್ಲಿ ಒಂದು ಸರಳ ಪರೀಕ್ಷೆ ಮಾಡಿ. ದೊಡ್ಡ ಹಾಳೆಯ ನಡುವೆ 20 ಸೆಂಟಿಮೀಟರ್ ಅಡ್ಡಳತೆಯ ವೃತ್ತ ಬರೆಯಿರಿ. ಹಂದಿಯ ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚುಕಡಿಮೆ ಅಷ್ಟೇ. 15, 20, 25, 30 ಮೀಟರ್‌ಗಳಿಂದ ಒಂದೊಂದು ಹೊಸ ಹಾಳೆಗೆ, ನೀವು ತೋಟದಲ್ಲಿ ಬಳಸುವ ತೋಟಾವನ್ನೇ ಹಾರಿಸಿ. ಬಹುಪಾಲು ಚರೆ ವೃತ್ತದೊಳಗೆ ಬೀಳುವ ಕೊನೆಯ ದೂರವೇ ನಿಮ್ಮ ಗಡಿ. ಅದಕ್ಕಿಂತ ಒಂದು ಹೆಜ್ಜೆ ಆಚೆ ಇರುವ ಹಂದಿಗೂ ಹೊಡೆಯಬೇಡಿ. ಇಬ್ಬರ ಕೋವಿ ಒಂದೇ ಕಂಪನಿಯದಾದರೂ ಫಲಿತಾಂಶ ಬೇರೆಯಾಗಬಹುದು. ಆದ್ದರಿಂದ ಪರೀಕ್ಷೆಯನ್ನು ಅವರವರ ಕೋವಿಗೆ ಅವರವರೇ ಮಾಡಬೇಕು.

ಹಂತ 4: ಹಂದಿಯ ಮೈ ಓದಿ

ಗುರಿಗಾರರೂ ತಪ್ಪುವುದು ಇಲ್ಲೇ. ಬೆನ್ನ ಮೇಲಿನ ಬಿರುಗೂದಲಿನಿಂದ ಹಂದಿ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಮೈಯ ನಡುವಿಗೆ ಎಂದು ಗುರಿ ಇಟ್ಟರೆ ಪೆಟ್ಟು ಮೇಲಾಗುತ್ತದೆ. ಹೃದಯ ಇರುವುದು ಎದೆಯ ಕೆಳಭಾಗದಲ್ಲಿ, ಮುಂಗಾಲಿಗೆ ಹತ್ತಿರ. ಪಕ್ಕಕ್ಕೆ ತಿರುಗಿ ನಿಂತ ಹಂದಿಯ ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೇ ಒಂದು ಭಾಗವೇ ಗುರಿಯ ಜಾಗ. ಬಲಿತ ಗಂಡುಹಂದಿಯ ಭುಜದ ಮೇಲೆ ದಪ್ಪ ಚರ್ಮದ ಕವಚವೂ ಇರುತ್ತದೆ. ಸಣ್ಣ ಚರೆ ಅದನ್ನು ದಾಟುವುದಿಲ್ಲ.

ಓಡುವ ಹಂದಿಗೆ ಹೊಡೆಯುವುದು ಬೇರೆಯದೇ ವಿದ್ಯೆ. ಜರ್ಮನಿಯ ಪರೀಕ್ಷಾರ್ಥಿಗಳು ಅದಕ್ಕೆಂದೇ ಚಲಿಸುವ ಹಂದಿಯ ಗುರಿಚಿತ್ರದ ಮೇಲೆ ಅಭ್ಯಾಸ ಮಾಡುತ್ತಾರೆ. ಆ ಅಭ್ಯಾಸವಿಲ್ಲದವರು ನಿಂತ ಹಂದಿಗೆ ಮಾತ್ರ ಹೊಡೆಯಬೇಕು.

ಹಿಂಡಿನ ರಚನೆಯೂ ಗೊತ್ತಿರಲಿ. ಹೆಣ್ಣುಹಂದಿಗಳು ಮರಿಗಳೊಂದಿಗೆ ಗುಂಪಾಗಿರುತ್ತವೆ, ಬಲಿತ ಗಂಡು ಒಂಟಿಯಾಗಿ ತಿರುಗುತ್ತದೆ. ಮೈಮೇಲೆ ಪಟ್ಟೆಯಿರುವ ಮರಿಗಳು ಸುತ್ತ ಇದ್ದರೆ ಆ ತಾಯಿಯನ್ನು ಬಿಟ್ಟುಬಿಡಿ.

ಹಂತ 5: ಕತ್ತಲಲ್ಲಿ ಗುರುತು ಹಿಡಿಯುವುದನ್ನು ಕಲಿಯಿರಿ

ಹಂದಿಯೆಂದು ಭಾವಿಸಿ ಹೊಡೆದ ಗುಂಡಿಗೆ ಮನುಷ್ಯ ಬಲಿಯಾದ ಸುದ್ದಿ ಮಲೆನಾಡಿನ ಪತ್ರಿಕೆ ಓದುಗರಿಗೆ ಅಪರಿಚಿತವಲ್ಲ. ಬಹುತೇಕ ಕಡೆ ಕಾರಣ ಒಂದೇ: ಪೊದೆ ಅಲ್ಲಾಡಿತು, ಸದ್ದಾಯಿತು, ಗುಂಡು ಹಾರಿತು. ತರಬೇತಿಯಲ್ಲಿ ಬೇರೇನೂ ಕಲಿಯದಿದ್ದರೂ ಇದನ್ನು ಕಲಿಯಿರಿ: ಸದ್ದಿಗೆ, ಅಲುಗಾಟಕ್ಕೆ, ನೆರಳಿಗೆ ಗುಂಡಿಲ್ಲ.

ಟಾರ್ಚ್ ಬೆಳಕಿಗೆ ಹೊಳೆಯುವ ಕಣ್ಣನ್ನು ನಂಬಿ ಹೊಡೆಯುವವರಿಗೆ ಇನ್ನೊಂದು ಮಾತು. ದನ, ನಾಯಿ, ಜಿಂಕೆ, ಪುನುಗುಬೆಕ್ಕಿನ ಕಣ್ಣು ಹೊಳೆಯುವುದು ಒಳಗಿರುವ ಪ್ರತಿಫಲಕ ಪದರದಿಂದ. ಹಂದಿಯ ಕಣ್ಣಿನಲ್ಲಿ ಆ ಪದರವೇ ಇಲ್ಲ. ಹಾಗಾಗಿ ಕಣ್ಣು ಝಗ್ಗೆಂದು ಹೊಳೆದರೆ ಎದುರಿಗಿರುವುದು ಬಹುಶಃ ಹಂದಿಯಲ್ಲ, ನೆರೆಮನೆಯ ಕರುವೂ ಇರಬಹುದು. ತಲೆ, ಬೆನ್ನು, ಕಾಲು ಮೂರೂ ಸ್ಪಷ್ಟವಾಗಿ ಕಾಣುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ.

ಹಂತ 6: ಗುರಿಯ ಹಿಂದೆ ಏನಿದೆ ನೋಡಿ

ತಪ್ಪಿದ ಗುಂಡು ನೂರಾರು ಮೀಟರ್ ಹೋಗುತ್ತದೆ. ಅದನ್ನು ತಡೆಯುವುದು ಮಣ್ಣು ಮಾತ್ರ, ಅಡಿಕೆ ಸೋಗೆಯಲ್ಲ. ಆದ್ದರಿಂದ ಹಂದಿಯ ಹಿಂದೆ ಧರೆಯೋ ದಿಣ್ಣೆಯೋ ಇರಬೇಕು. ಇಲ್ಲವೇ ಅಟ್ಟಣಿಗೆಯ ಮೇಲೆ ಕುಳಿತು, ಗುಂಡು ನೆಲಕ್ಕೇ ಇಳಿಯುವಂತೆ ಹೊಡೆಯಬೇಕು. ದಿಬ್ಬದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತ ಹಂದಿಗೆ ಹೊಡೆಯಲೇಬಾರದು.

ಹಗಲಲ್ಲೇ ಜಾಗ ನೋಡಿ ಬನ್ನಿ. ಮನೆ, ದಾರಿ, ಪಂಪ್‌ಶೆಡ್, ಲೈನ್‌ಮನೆಗಳು ಯಾವ ದಿಕ್ಕಿಗಿವೆ, ಬೆಳಗಿನ ಜಾವ ರಬ್ಬರ್ ಟ್ಯಾಪಿಂಗ್‌ಗೆ ಯಾರು ಬರುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಒಬ್ಬರಿಗಿಂತ ಹೆಚ್ಚು ಕೋವಿಗಾರರಿದ್ದರೆ ಫ್ರಾನ್ಸಿನ ನಿಯಮ ಒಳ್ಳೆಯದು: ಪಕ್ಕದವನು ಇರುವ ದಿಕ್ಕಿನಿಂದ 30 ಡಿಗ್ರಿ ಕೋನದೊಳಗೆ ಯಾರೂ ಗುಂಡು ಹಾರಿಸುವಂತಿಲ್ಲ. ಎಡಬಲಕ್ಕೆ ಗೂಟ ಹುಗಿದು ಆ ಗಡಿಯನ್ನು ಹಗಲಲ್ಲೇ ಗುರುತಿಸಿಡಬಹುದು. ಕೂತ ಜಾಗದಿಂದ ಯಾರೂ ಹೇಳದೆ ಏಳುವಂತಿಲ್ಲ. ಕುಡಿದವರಿಗೆ ತಂಡದಲ್ಲಿ ಜಾಗವಿಲ್ಲ.

ಹಂತ 7: ಪೆಟ್ಟು ಬಿದ್ದ ಮೇಲೆ ಓಡಬೇಡಿ

ಬಿದ್ದ ಹಂದಿ ಸತ್ತಿದೆ ಎಂದುಕೊಂಡು ಹತ್ತಿರ ಹೋಗುವುದು ಅಪಾಯ. ಬೆನ್ನಿನ ಮೇಲ್ಭಾಗಕ್ಕೆ ಚರೆ ತಗುಲಿದ ಹಂದಿ ಕ್ಷಣಕಾಲ ಕುಸಿದು, ಎದ್ದು ನುಗ್ಗಬಲ್ಲದು. ಮೇಲಿನ ಕೋರೆಗೆ ಉಜ್ಜಿ ಉಜ್ಜಿ ಹರಿತವಾದ ಕೆಳಗಿನ ಕೋರೆ ಮನುಷ್ಯನ ತೊಡೆಯ ರಕ್ತನಾಳ ಸೀಳುವಷ್ಟು ಎತ್ತರದಲ್ಲಿರುತ್ತದೆ.

ಕೋವಿ ಮತ್ತೆ ತುಂಬಿಕೊಂಡು ಇದ್ದಲ್ಲೇ ಇರಿ. ಗಾಯಗೊಂಡು ಓಡಿದ್ದರೆ ಹಂದಿ ನಿಂತಿದ್ದ ಜಾಗ, ಓಡಿದ ದಿಕ್ಕು ನೆನಪಿಟ್ಟು ಕನಿಷ್ಠ ಅರ್ಧ ಗಂಟೆ ಕಾಯಿರಿ. ಆಮೇಲೂ ಕತ್ತಲಲ್ಲಿ, ಒಬ್ಬರೇ, ಪೊದೆಯೊಳಗೆ ಹೋಗಬೇಡಿ. ಅರಣ್ಯ ಇಲಾಖೆಗೆ ತಿಳಿಸಿ, ಅನುಭವಿಗಳೊಂದಿಗೆ ಬೆಳಕಿನಲ್ಲಿ ಹುಡುಕಿ. ರಕ್ತಸ್ರಾವ ನಿಲ್ಲಿಸುವ ಪಟ್ಟಿ, ಆಸ್ಪತ್ರೆಗೆ ಹೋಗಲು ವಾಹನ ಮೊದಲೇ ಸಿದ್ಧವಿರಲಿ.

ಹಂತ 8: ಸತ್ತ ಹಂದಿ ನಿಮ್ಮದಲ್ಲ

ಕಾಯ್ದೆಯ ಪ್ರಕಾರ ಅದು ಸರ್ಕಾರದ ಸ್ವತ್ತು. ಮಾಂಸ ಹಂಚುವುದು, ಮಾರುವುದು ಅಪರಾಧ. ಕೇರಳದಲ್ಲಿ ಯಾರೂ ಬಳಸದಂತೆ ಸೀಮೆಎಣ್ಣೆ ಸುರಿದು ಹೂಳುವ ರೂಢಿಯಿದೆ. ಆರೋಗ್ಯದ ಕಾರಣವೂ ಉಂಟು. ಕಾಡುಹಂದಿಯಲ್ಲಿ ಮನುಷ್ಯರಿಗೆ ಹರಡುವ ಪರಾವಲಂಬಿ ಹುಳುಗಳಿರಬಹುದು. 2020ರಲ್ಲಿ ಈಶಾನ್ಯ ಭಾರತದಲ್ಲಿ, 2022ರಲ್ಲಿ ವಯನಾಡಿನಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಮನುಷ್ಯರಿಗೆ ತಗಲದಿದ್ದರೂ ಬೂಟು, ಕತ್ತಿ, ಗಾಡಿಯ ಚಕ್ರದ ಮೂಲಕ ಸಾಕುಹಂದಿಗಳಿಗೆ ಹೋಗಬಲ್ಲದು. ಕೈಗವಸು ಧರಿಸಿ, ಅಧಿಕಾರಿಗಳ ಎದುರೇ ಆಳವಾಗಿ ಹೂಳಿ, ಬೂಟು ತೊಳೆದು ಮನೆಗೆ ಬನ್ನಿ.

ಪಂಚಾಯತ್, ಸಂಘಗಳು ಮಾಡಬಹುದಾದ್ದು

ಕೋವಿಗಾರರ ಪಟ್ಟಿ ಮಾಡುವಾಗ ಲೈಸೆನ್ಸ್ ನಂಬರ್ ಮಾತ್ರ ಬರೆದುಕೊಂಡರೆ ಸಾಲದು. ಪೊಲೀಸ್, ಅರಣ್ಯ, ಪಶುಪಾಲನಾ ಇಲಾಖೆಯವರನ್ನು ಒಂದೇ ದಿನ ಕರೆಸಿದರೆ ಬೆಳಿಗ್ಗೆ ಕೋವಿ ಮತ್ತು ಕಾನೂನು, ಮಧ್ಯಾಹ್ನ ಗುರುತು ಮತ್ತು ವಿಲೇವಾರಿ, ಸಂಜೆ ಮಬ್ಬುಗತ್ತಲಲ್ಲಿ ಟಾರ್ಚ್ ಹಿಡಿದು ಅಭ್ಯಾಸ ಮುಗಿಯುತ್ತದೆ. ಗುರಿ ಪರೀಕ್ಷೆಗೆ ರೇಂಜ್‌ನಲ್ಲಿ ಇನ್ನೊಂದು ದಿನ. ಇದರಲ್ಲಿ ಪಾಸಾದವರ ಹೆಸರನ್ನು ಮಾತ್ರ ಪಟ್ಟಿಗೆ ಸೇರಿಸುವುದಾಗಿ ಸಂಘಗಳೇ ತೀರ್ಮಾನಿಸಿಕೊಳ್ಳಬಹುದು. ಸರ್ಕಾರಿ ಆದೇಶಕ್ಕೆ ಕಾಯಬೇಕಿಲ್ಲ.

ಹೊರಡುವ ಮುನ್ನ ಐದು ಪ್ರಶ್ನೆ

• ಇಂದಿನ ದಿನಾಂಕಕ್ಕೆ ಊರ್ಜಿತವಾದ ಲಿಖಿತ ಅನುಮತಿ ಜೇಬಿನಲ್ಲಿದೆಯೇ?
• ಈ ಕೋವಿ, ಈ ತೋಟಾದ ಗಡಿ ದೂರ ಎಷ್ಟೆಂದು ಗೊತ್ತೇ?
• ಗುಂಡು ಹೋಗುವ ದಿಕ್ಕಿನಲ್ಲಿ ಮಣ್ಣಿನ ತಡೆ ಇದೆಯೇ?
• ಇಂದು ರಾತ್ರಿ ಈ ತೋಟದಲ್ಲಿ ಯಾರೆಲ್ಲ ಇರುತ್ತಾರೆ ಎಂದು ಖಚಿತವೇ? ನೆರೆಯವರಿಗೆ ತಿಳಿಸಿದ್ದೀರಾ?
• ಹಂದಿ ಗಾಯಗೊಂಡು ಓಡಿದರೆ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತೇ?

ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಆ ರಾತ್ರಿ ತಮಟೆ, ಪಟಾಕಿ, ಬೇಲಿಯೇ ಸಾಕು. ಕೋವಿ ಬೀಗದೊಳಗಿರಲಿ.